ಎಣಿಸದವರ ಪಾಲು

ಎಂಟುನೂರ ಹನ್ನೆರಡು.

ವಾರ್ಡ್ ಕಚೇರಿಯ ಗುಮಾಸ್ತ ಮುಥೆಂಗಿ ಆ ಸಂಖ್ಯೆಯ ಮೇಲೆ ಬೆರಳಿಟ್ಟು ತೋರಿಸಿದಾಗ ನಾಸಿಯೆಕುಗೆ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ನ್ಕಾರೆ ಸಿಡಾಯ್ ಎಂಬ ತನ್ನ ಊರಿನಲ್ಲಿ ಅದರ ಅರ್ಧದಷ್ಟು ಜನ ಬೆಳಗ್ಗೆ ಬಾವಿಯ ಹತ್ತಿರವೇ ಜಗಳವಾಡುತ್ತಾ ಸಿಗುತ್ತಾರೆ. ಇನ್ನರ್ಧ ಜನಕ್ಕೆ ಊರೇ ಮುಗಿದುಹೋಯಿತೆಂದರೆ ಯಾರು ನಂಬುತ್ತಾರೆ?

"ಇದು ತಪ್ಪು ಕಣಪ್ಪ," ಎಂದಳು.

"ತಪ್ಪೋ ಸರಿಯೋ, ಜನಗಣತಿಯವ್ರು ಬರ್ಕೊಂಡಿರೋದು ಇದೇ. ನೋಡಕ್ಕ, ನೈರೋಬಿಯಿಂದ ಕೌಂಟಿಗೆ ಪಾಲು ಬರೋದು ತಲೆ ನೋಡಿ. ಕೌಂಟಿಯಿಂದ ಊರಿಗೆ ಬರೋದೂ ತಲೆ ನೋಡೇ. ಸಾವಿರದ ಇನ್ನೂರು ತಲೆ ಇದ್ರೆ ಒಬ್ಳು ನರ್ಸು, ಔಷಧಿ ಪೆಟ್ಟಿಗೆ, ಒಂದು ಮೋಟರ್‌ಸೈಕಲ್ಲು. ನಿಮ್ಮಲ್ಲಿಲ್ಲ. ಕಮ್ಮಿ ಬಿದ್ದಿದ್ದನ್ನ ನಾನೇ ಹೆತ್ತು ಕೊಡ್ಲಾ?"

"ಮತ್ತೆ ಆಸ್ಪತ್ರೆ ಕಟ್ಟಿಸಿಕೊಟ್ರಲ್ಲ?"

"ಅದು ಈಗಿನ ಐದು ವರ್ಷದ ಯೋಜನೇಲಿ ಮೊದಲನೇ ವರ್ಷದ ದುಡ್ಡು. ಆಗ ಎಲ್ಲಾ ಊರಿಗೂ ಸಮ ಹಂಚಿದ್ರು. ಗೋಡೆ ಎದ್ದೇಳೋಕೆ ತಲೆ ಬೇಕಾಗಿರ್ಲಿಲ್ಲ."

ಮುಥೆಂಗಿ ಕೆಟ್ಟವನಲ್ಲ. ದಕ್ಷಿಣದ ಕಂಬಾ ನಾಡಿನಿಂದ ಬಂದು ಆರು ವರ್ಷ ಈ ಸಂಬೂರು ಸೀಮೆಯ ಧೂಳು ಕುಡಿದಿದ್ದಾನೆ. ನಾಸಿಯೆಕು ಕುರ್ಚಿ ಬಿಟ್ಟು ಏಳದೆ ಇದ್ದದ್ದು ನೋಡಿ ಅವನೇ ದನಿ ತಗ್ಗಿಸಿದ. ಆರೋಗ್ಯ ಸ್ವಯಂಸೇವಕಿ ಮನೆಮನೆಯ ಪುಸ್ತಕ ಬರೆದು ತಂದರೆ, ಬಜೆಟ್ಟಿನ ಬಹಿರಂಗ ಸಭೆಯಲ್ಲಿ ಎಲ್ಲರೆದುರು ಅದು ಒಪ್ಪಿಗೆಯಾದರೆ, ಆ ಲೆಕ್ಕವನ್ನು ಹಿಡಿಯಬಹುದು. ಸಭೆಗೆ ಮೂರು ವಾರ ಉಳಿದಿದೆ. ಅದು ದಾಟಿದರೆ ಮುಂದಿನ ಐದು ವರ್ಷದ ಯೋಜನೆಯ ಬಾಗಿಲು ಮುಚ್ಚಿಹೋಗುತ್ತದೆ. ಸ್ವಯಂಸೇವಕಿ ಎಂದರೆ ನಾಸಿಯೆಕುವೇ. ಎಂಟನೇ ತರಗತಿ ಓದಿದವಳು, ಐದು ಮಕ್ಕಳ ತಾಯಿ, ಊರಿನ ಜ್ವರ ಭೇದಿಗಳಿಗೆಲ್ಲ ಮೊದಲ ಬಾಗಿಲು.

ಲಾರಿಯ ಹಿಂದೆ ಸಕ್ಕರೆ ಮೂಟೆಯ ಮೇಲೆ ಕೂತು ಊರಿಗೆ ಹಿಂತಿರುಗುವಾಗ ಅವಳಿಗೆ ಆ ಸಂಖ್ಯೆ ಎಲ್ಲಿಂದ ಬಂತೆಂದು ಹೊಳೆಯಿತು. ಹೊಳೆದ ಮೇಲೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

ಸಂಬೂರರಲ್ಲಿ ಮಕ್ಕಳನ್ನು ಎಣಿಸುವುದಿಲ್ಲ. ದನ ಎಣಿಸುವುದಿಲ್ಲ, ಆಡು ಎಣಿಸುವುದಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ್ದನ್ನಂತೂ ಎಣಿಸುವ ಮಾತೇ ಇಲ್ಲ. ಎಣಿಸಿದ್ದರ ಮೇಲೆ ಕೆಟ್ಟ ಕಣ್ಣು ಬೀಳುತ್ತದೆ, ಕಣ್ಣು ಬಿದ್ದದ್ದು ಉಳಿಯುವುದಿಲ್ಲ. ಗಣತಿಯ ಹುಡುಗ ಟೊಪ್ಪಿ ಹಾಕಿಕೊಂಡು ಬಂದು "ಮಕ್ಕಳೆಷ್ಟು?" ಎಂದು ಕೇಳಿದಾಗ ಊರಿಗೆ ಊರೇ ಒಂದೇ ಬಾಯಲ್ಲಿ ಉತ್ತರ ಕೊಟ್ಟಿತ್ತು. ನಾಲ್ಕು ಹೆಂಡಿರ ಲೆರುಸೊ ಅಜ್ಜ ತನ್ನ ಮುಕ್ಕಾಲಿಯ ಮೇಲೆ ಕೂತು ನಶ್ಯ ಏರಿಸುತ್ತಾ "ಇದಾವೆ, ಒಂದೆರಡು" ಎಂದಿದ್ದ. ಆ ಒಂದೆರಡು ಅಜ್ಜನ ಬೆನ್ನ ಹಿಂದೆಯೇ ಹತ್ತಾರು ತಲೆಗಳಾಗಿ ಕಿಸಿಕಿಸಿ ನಗುತ್ತಿದ್ದವು. ಹುಡುಗ ತಲೆ ತಗ್ಗಿಸಿ "ಎರಡು" ಎಂದು ಬರೆದುಕೊಂಡ. ನಾಸಿಯೆಕು ಏನು ಹೇಳಿದ್ದಳು? ಅತ್ತೆ ಬಾಗಿಲಲ್ಲಿ ನಿಂತು ದುರುಗುಟ್ಟುತ್ತಿದ್ದಳು. ಐದು ಮಕ್ಕಳ ತಾಯಿ "ಮೂರು" ಎಂದಿದ್ದಳು. ಉಳಿದಿಬ್ಬರನ್ನು ತನ್ನ ಕೈಯಾರೆ ಸರ್ಕಾರದ ಪುಸ್ತಕದಿಂದ ಹೊರಗಿಟ್ಟವಳು ಅವಳೇ.

ಊರಿನ ನಡುವೆ ಆಸ್ಪತ್ರೆ ನೀಲಿ ತಗಡು ಹೊದ್ದುಕೊಂಡು ನಿಂತಿತ್ತು. ಬೀಗಕ್ಕೆ ತುಕ್ಕು ಹಿಡಿದಿತ್ತು. ನೆರಳಿಗೆ ಆಡುಗಳು ಮಲಗಿದ್ದವು. ಉದ್ಘಾಟನೆಯ ದಿನ ಎರಡು ಎತ್ತು ಕೊಯ್ದಿದ್ದರು. ಆಮೇಲೆ ಆರು ತಿಂಗಳು ಮಂಗಳವಾರ ಮಂಗಳವಾರ ಒಬ್ಬ ನರ್ಸು ಬರುತ್ತಿದ್ದಳು, ಆಮೇಲೆ ಅದೂ ಇಲ್ಲ.

ಹೋದ ವರ್ಷ ಲೆರುಸೊ ಅಜ್ಜನ ಮೊಮ್ಮಗಳೊಬ್ಬಳಿಗೆ ವಾಂತಿಭೇದಿ ಹತ್ತಿತು. ಮೂರು ವರ್ಷದ ಕೂಸು. ಪಟ್ಟಣದ ಆಸ್ಪತ್ರೆ ನಲವತ್ತಾರು ಕಿಲೋಮೀಟರು. ಬಾಡಿಗೆಯ ಮೋಟರ್‌ಸೈಕಲ್ಲಿನಲ್ಲಿ ಕೂಸನ್ನು ಎದೆಗೆ ಕಟ್ಟಿಕೊಂಡು ಹಿಂದೆ ಕೂತವಳು ನಾಸಿಯೆಕು. ಒಣಗಿದ ಹೊಳೆಯ ಮರಳಿನಲ್ಲಿ ಚಕ್ರ ಹೂತಿತು. ತಳ್ಳಿ ಆಚೆ ದಡ ಹತ್ತಿಸುವಷ್ಟರಲ್ಲಿ ಎದೆಯ ಮೇಲಿನ ಬಿಸಿ ಆರಿತ್ತು. ಕುಡಿಸಿದ ಉಪ್ಪು ಸಕ್ಕರೆ ನೀರು ಹೊಟ್ಟೆಯಲ್ಲಿ ನಿಂತಿರಲಿಲ್ಲ; ಸಲೈನ್ ನರದೊಳಗೆ ಹೋಗಿದ್ದರೆ ಸಾಕಾಗಿತ್ತು, ಅಷ್ಟು ಮಾಡಲು ಒಬ್ಬ ನರ್ಸು ಸಾಕಾಗಿತ್ತು. ಸತ್ತವರ ಹೆಸರನ್ನು ಸಂಬೂರರು ಬಾಯಿಬಿಟ್ಟು ಹೇಳುವುದಿಲ್ಲ. ಅಂದಿನಿಂದ ಆ ಕೂಸಿನ ಹೆಸರು ಊರಿನ ಯಾರ ನಾಲಿಗೆಯ ಮೇಲೂ ಬಂದಿಲ್ಲ. ಆದರೆ ನಾಸಿಯೆಕುವಿನ ಎದೆಯ ಮೇಲೆ ಆ ಭಾರ ಇನ್ನೂ ಇತ್ತು. ನರ್ಸನ್ನು ಈ ಊರಿಗೆ ತಂದೇ ತೀರುತ್ತೇನೆ ಎಂದು ಅವಳು ಹಟ ತೊಟ್ಟದ್ದು ಆ ಹೊಳೆಯ ದಡದಲ್ಲೇ.

ಮರುದಿನ ಹಿರಿಯರು ಜಾಲಿಮರದ ಕೆಳಗೆ ಸೇರಿದರು. ಹೆಂಗಸರು ಅಲ್ಲಿ ಮಾತಾಡುವುದು ಕಡಿಮೆ. ನಾಸಿಯೆಕು ಕಡಿಮೆಯದನ್ನೇ ಹೆಚ್ಚು ಮಾಡಿದವಳು. ಗಣತಿಯ ವಿಷಯ ಹೇಳಿದಳು, ಸಭೆಯ ವಿಷಯ ಹೇಳಿದಳು.

"ಎತ್ತು ಕೊಯ್ದಾಗ ಯಾರ ತುಂಡು ಯಾರಿಗೆ ಅಂತ ನಿಮಗೆ ಗೊತ್ತು," ಎಂದಳು. "ಹಿರೀರಿಗೆ ಒಂದು, ಹೆಂಗಸ್ರಿಗೆ ಒಂದು, ಮಕ್ಕಳಿಗೆ ಒಂದು. ಬಂದು ನಿಲ್ಲದೋರಿಗೆ ಯಾರಾದ್ರೂ ಪಾಲು ಎತ್ತಿಡ್ತಾರಾ? ನೈರೋಬೀಲಿ ವರ್ಷಾ ವರ್ಷಾ ಎತ್ತು ಕೊಯ್ತಾವ್ರೆ. ನಾವು ಮಕ್ಕಳನ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡು ಮೂಳೆ ನೆಕ್ತಾ ಇದೀವಿ."

ಕೆಲವರು ನಕ್ಕರು. ಲೆರುಸೊ ಅಜ್ಜ ನಗಲಿಲ್ಲ. ಸಭೆಯಲ್ಲಿ ಮಾತಾಡುವವರು ಹಿಡಿಯುವ ಕೋಲನ್ನು ಕೈಗೆ ತೆಗೆದುಕೊಂಡು ಎದ್ದ.

"ಮಾತು ಚೆನ್ನಾಗೈತೆ. ಓದಿದ ಬಾಯಿ. ನಮ್ಮಪ್ಪನ ಕಾಲದಲ್ಲಿ ಬಿಳೀ ಸಾಹೇಬ ಬಂದು ದನ ಎಣಿಸ್ದ. ಮುಂದಿನ ವರ್ಷ ರೋಗ ಬಂದು ಕೊಟ್ಟಿಗೆ ಗುಡಿಸಿ ಹೋಯ್ತು. ಎಣಿಸ್ದೋನು ಒಬ್ಬ, ಹೂತೋರು ನಾವು. ನರ್ಸಮ್ಮ ಬಂದ್ರೆ ಬರ್ಲಿ, ಬರ್ದಿದ್ರೆ ಇರ್ಲಿ. ನನ್ನ ಬೇಲಿಯೊಳಗಿನ ಜೀವ ನನ್ನ ಬಾಯಿಂದ ಎಣಿಕೆಗೆ ಬೀಳಲ್ಲ."

ಅಜ್ಜನ ಮೊಮ್ಮಗಳ ಮಾತು ನಾಸಿಯೆಕುವಿನ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ಗಾಯಕ್ಕೆ ಉಪ್ಪು ಸವರಿ ಗೆಲ್ಲುವ ಗೆಲುವು ಅವಳಿಗೆ ಬೇಕಿರಲಿಲ್ಲ.

ಸಂಜೆ ಅವಳು ಪೆಚ್ಚುಮೋರೆ ಹಾಕಿಕೊಂಡು ಲೆರುಸೊನ ಮುಳ್ಳುಬೇಲಿಯ ಪಕ್ಕದಲ್ಲಿ ಹಾದುಹೋಗುವಾಗ ಆಡುಗಳು ಮೇವಿನಿಂದ ಬರುತ್ತಿದ್ದವು. ಅಜ್ಜನ ಕಿರಿಯ ಹೆಂಡತಿ ನೊಮುಲೆನ್ ಬೇಲಿಯ ಬಾಯಲ್ಲಿ ನಿಂತಿದ್ದಳು. ಧೂಳಿನಲ್ಲಿ ಒಂದರ ಮೇಲೊಂದು ಬಿದ್ದು ನೂರಾರು ಆಡುಗಳು ಒಳಗೆ ನುಗ್ಗಿದವು. ನೊಮುಲೆನ್ ಒಂದು ಬೆರಳನ್ನೂ ಮಡಿಚಲಿಲ್ಲ. ಕೊನೆಯದು ಒಳಹೊಕ್ಕ ಮೇಲೆ ಹಿಂದೆ ತಿರುಗಿ ಆಡು ಕಾಯುವ ಹುಡುಗನಿಗೆ ಗದರಿದಳು.

"ಮೊಂಡುಕಿವಿಯವಳೆಲ್ಲೋ? ಅವಳ ಮಗಳೂ ಇಲ್ಲ, ಆ ಬೂದಿಬಣ್ಣದವಳು. ಹೋಗು, ಗುಂಡಿ ಹತ್ರ ನೋಡು."

ನಾಸಿಯೆಕು ನಿಂತಲ್ಲೇ ನಿಂತಳು. ದಿನಾ ನೋಡುವುದನ್ನು ಅವಳು ಅವತ್ತು ಕಂಡಳು. ಎಣಿಸದ ಈ ಜನಕ್ಕೆ ಒಂದು ಆಡು ತಪ್ಪಿದರೆ ಗೊತ್ತಾಗುತ್ತದೆ, ಎರಡು ತಪ್ಪಿದರೆ ಅವು ತಾಯಿ ಮಗಳೆಂದೂ ಗೊತ್ತಾಗುತ್ತದೆ. ಸರ್ಕಾರದ ಪುಸ್ತಕದಲ್ಲಿ ಊರಿನ ಅಷ್ಟೊಂದು ಜನ ತಪ್ಪಿಹೋಗಿದ್ದರೂ ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹಾಗಾದರೆ ಎಣಿಕೆ ಬರದವರು ಯಾರು?

ಮಾರನೆಯ ಬೆಳಗ್ಗೆಯಿಂದ ಅವಳು ಪುಸ್ತಕ ಬಗಲಲ್ಲಿಟ್ಟುಕೊಂಡು ಬೇಲಿ ಬೇಲಿ ಸುತ್ತಿದಳು. ಎಷ್ಟು ಎಂದು ಯಾರನ್ನೂ ಕೇಳಲಿಲ್ಲ. "ಒಳಗೆ ಮಲಗೋರು ಯಾರ್ಯಾರು, ಹೆಸರು ಹೇಳಿ" ಎಂದಳು. ಹೆಸರು ಕರೆಯಲಿಕ್ಕೆಂದೇ ಇರುವುದು, ಕರೆದರೆ ಕಣ್ಣು ಬೀಳುವುದಿಲ್ಲ. ಮೊದಲ ದಿನ ಹೆಂಗಸರು ಅನುಮಾನಿಸಿದರು, ಎರಡನೆಯ ದಿನ ಚಹಾ ಕಾಯಿಸಿದರು, ಮೂರನೆಯ ದಿನ ತಾವೇ ದಾರಿಗೆ ಬಂದು ಕಾದರು. ಸೊಸೆಯಂದಿರು ಮಾವನ ಹೆಸರು ಹೇಳುವಂತಿಲ್ಲ. ಅದಕ್ಕೆ ಪಕ್ಕದ ಬೇಲಿಯವಳು ಇವಳ ಮಾವನ ಹೆಸರು ಹೇಳಿದಳು, ಇವಳು ಅವಳದ್ದು ಹೇಳಿದಳು, ಇಬ್ಬರೂ ಬಾಯಿಗೆ ಕೈ ಮುಚ್ಚಿಕೊಂಡು ನಕ್ಕರು. ಬಸುರಿಯೊಬ್ಬಳು ಹೊಟ್ಟೆ ಮುಟ್ಟಿ "ಇದನ್ನೂ ಬರಿ" ಎಂದಳು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡ ಕಣೇ," ಎಂದು ನಾಸಿಯೆಕು ಮುಂದೆ ಹೋದಳು.

ದೂರದ ಹುಲ್ಲುಗಾವಲಿನಲ್ಲಿ ದನ ಹಿಡಿದುಕೊಂಡಿದ್ದ ಯುವಕರ ಹೆಸರಿಗಾಗಿ ಎರಡು ದಿನ ನಡೆದಳು, ಚಪ್ಪಲಿಯ ಟೈರು ಸವೆದು ಹಿಮ್ಮಡಿ ನೆಲಕ್ಕೆ ತಾಗಿತು. ಪಟ್ಟಣದ ಪುಢಾರಿಯೊಬ್ಬ ಸಿಕ್ಕಿ "ಅಷ್ಟ್ಯಾಕೆ ನಡೀತೀಯ, ಎರಡು ಸಾವಿರ ಅಂತ ಬರ್ದು ಹೆಬ್ಬೆಟ್ಟು ಒತ್ತಿಸ್ಬಿಡು, ಎಲ್ರೂ ಮಾಡೋದೇ ಅದು" ಎಂದ. "ಹೆಸರಿಲ್ಲದ ತಲೆ ನಮ್ಮೂರಲ್ಲಿಲ್ಲ" ಎಂದಳು. ಅವನಿಗೆ ಅರ್ಥವಾಯಿತೋ ಇಲ್ಲವೋ.

ಒಂದೇ ಬೇಲಿ ಉಳಿಯಿತು. ಲೆರುಸೊನ ಬೇಲಿಯ ಬಾಯಿಗೆ ಅವಳು ನಾಲ್ಕು ಸಲ ಹೋದಳು. ನಾಲ್ಕು ಸಲವೂ ಅಜ್ಜ ಅಲ್ಲೇ ಅಡ್ಡಲಾಗಿ ಮುಕ್ಕಾಲಿ ಹಾಕಿಕೊಂಡು ಕೂತಿದ್ದ. ನೊಮುಲೆನ್ ಹಿಂದಿನಿಂದ ಕಣ್ಣಲ್ಲೇ ಕ್ಷಮೆ ಕೇಳಿದಳು. ಪುಸ್ತಕ ಮುಗಿಯಿತು. ಅದರಲ್ಲಿ ಎಷ್ಟು ಹೆಸರಿವೆಯೆಂದು ಮಾತ್ರ ನಾಸಿಯೆಕುಗೆ ತಿಳಿಯದು. ಜನಕ್ಕೆ ಮಾತು ಕೊಟ್ಟಿದ್ದಳು, ನಾನೂ ಎಣಿಸುವುದಿಲ್ಲ ಎಂದು. ಪುಟಗಳ ಮೇಲೆ ಕಣ್ಣಾಡಿಸುವಾಗ ಬೆರಳು ತಾನಾಗಿಯೇ ಎಣಿಸಲು ಹೊರಟರೆ ಪುಸ್ತಕ ಮುಚ್ಚಿಬಿಡುತ್ತಿದ್ದಳು.

ಸಭೆ ಪಟ್ಟಣದ ಶಾಲೆಯಲ್ಲಿ. ಹನ್ನೊಂದು ಊರಿನ ಜನ ಬೆಂಚುಗಳಲ್ಲಿ, ಕಿಟಕಿಗಳಲ್ಲಿ ತುಂಬಿಕೊಂಡಿದ್ದರು. ನ್ಕಾರೆ ಸಿಡಾಯ್‌ನಿಂದ ಒಂದು ಲಾರಿ ಜನ ಬಂದಿದ್ದರು. ಲೆರುಸೊ ಅಜ್ಜನೂ ಬಂದಿದ್ದ. ತನ್ನ ಮನೆಯವರ ಸುದ್ದಿಯನ್ನು ಯಾರಾದರೂ ಎತ್ತುತ್ತಾರೇನೋ ನೋಡಲು ಬಂದೆ ಎಂದು ಲಾರಿಯಲ್ಲೇ ಹೇಳಿದ್ದ. ಹಿಂದಿನ ಗೋಡೆಗೊರಗಿ ಕೂತ.

ಅಧ್ಯಕ್ಷೆ ಕನ್ನಡಕದ ಹೆಂಗಸು, ಕೌಂಟಿಯಿಂದ ಬಂದವಳು. "ಒಬ್ಬೊಬ್ಬರಿಗೆ ಎರಡು ನಿಮಿಷ. ನಿಮ್ಮೂರಿನ ಸಂಖ್ಯೆ ಹೇಳಮ್ಮ," ಎಂದಳು.

"ಸಂಖ್ಯೆ ನಂಗೊತ್ತಿಲ್ಲ, ತಾಯಿ."

ಕೊಠಡಿಯಲ್ಲಿ ನಗು ಎದ್ದಿತು. "ಸಂಖ್ಯೆ ಇಲ್ದೆ ಪಾಲು ಕೇಳೋಕೆ ಬಂದ್ಯಾ?" ಎಂದು ಯಾರೋ ಕೂಗಿದರು.

"ನಮ್ಮಲ್ಲಿ ಎಣಿಸೋ ರೂಢಿಯಿಲ್ಲ. ನಿಮ್ಮಲ್ಲಿದೆ. ನಾನು ಹೆಸರು ಓದ್ತೀನಿ, ನೀವು ಗೀಟು ಹಾಕ್ಕೊಳ್ಳಿ. ಹೆಸರು ಸುಳ್ಳು ಅನ್ಸಿದ್ರೆ ಇಲ್ಲೇ ನಿಲ್ಸಿ ಕೇಳಿ. ಅವರ ಬೇಲಿ ಎಲ್ಲಿದೆ, ಅವರವ್ವ ಯಾರು, ಹೇಳ್ತೀನಿ."

"ಅಷ್ಟು ಹೊತ್ತು ಯಾರಿಗಿದೆ?" ಎಂದಳು ಅಧ್ಯಕ್ಷೆ.

"ನರ್ಸಿಲ್ಲದೆ ಮೂರು ವರ್ಷ ಕಳ್ದಿದೀವಿ. ನೀವು ಒಂದು ಮಧ್ಯಾಹ್ನ ಕಳೀರಿ."

ಮುಥೆಂಗಿ ತಗ್ಗಿದ ದನಿಯಲ್ಲಿ ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲವೆಂದು ಅಧ್ಯಕ್ಷೆಗೆ ಹೇಳಿ, ಒಂದು ಬಿಳಿ ಹಾಳೆ ತೆಗೆದು ಪೆನ್ಸಿಲ್ ಚೂಪು ಮಾಡಿಕೊಂಡ. ನಾಸಿಯೆಕು ಓದಲು ಶುರುಮಾಡಿದಳು.

ಮೊದಲ ಅರ್ಧ ಗಂಟೆ ಜನ ಗೊಣಗಿದರು. ನಮ್ಮ ಬೋರ್‌ವೆಲ್ಲಿನ ಮಾತು ಯಾವಾಗ ಎಂದರು. ಕೆಲವರು ಎದ್ದು ಚಹಾಕ್ಕೆ ಹೋದರು. ಅವಳು ತಲೆಯೆತ್ತಲಿಲ್ಲ. ತಾಯಿ, ತಾಯಿಯ ಮಕ್ಕಳು, ಬೇಲಿ, ಮುಂದಿನ ಬೇಲಿ. ಗಂಟಲು ಒಣಗಿದಾಗ ಒಂದು ಗುಟುಕು ನೀರು. ಚಹಾ ಕುಡಿದು ಬಂದವರು ಮತ್ತೆ ಕೂತರು. ನೆಂಟರ ಹೆಸರು ಬಂದಾಗ ಅಲ್ಲೊಬ್ಬರು ಇಲ್ಲೊಬ್ಬರು "ಹೂಂ, ಅವಳು ನನ್ನ ತಂಗಿ ಮಗಳು" ಎನ್ನತೊಡಗಿದರು. ಒಂದು ಹೆಸರಿಗೆ ಅಧ್ಯಕ್ಷೆ ತಡೆದು ಕೇಳಿದಳು. ಆ ಹೆಸರಿನವಳೇ ಕಿಟಕಿಯಿಂದ ಕೈಯೆತ್ತಿದಳು. ಆಮೇಲೆ ಯಾರೂ ತಡೆಯಲಿಲ್ಲ. ಕೊಠಡಿಯಲ್ಲಿ ಅವಳ ದನಿ ಮತ್ತು ಮುಥೆಂಗಿಯ ಪೆನ್ಸಿಲ್ಲಿನ ಸದ್ದು ಮಾತ್ರ ಉಳಿಯಿತು.

ಕೊನೆಯ ಪುಟ ಮುಗಿದಾಗ ಬಿಸಿಲು ಬಾಗಿಲಿನಿಂದ ಗೋಡೆಗೆ ಹತ್ತಿತ್ತು. ಮುಥೆಂಗಿ ಗೀಟುಗಳನ್ನು ಐದೈದಾಗಿ ಕೂಡಿಸಿದ. ಇನ್ನೊಮ್ಮೆ ಕೂಡಿಸಿದ. ಅವನ ಮುಖ ಸಣ್ಣದಾಯಿತು.

"ಸಾವಿರದ ನೂರ ಎಪ್ಪತ್ತೊಂದು."

ಇಪ್ಪತ್ತೊಂಬತ್ತು ಕಡಿಮೆ. ನಾಸಿಯೆಕು ಪುಸ್ತಕ ಮುಚ್ಚಿದಳು. ಇಷ್ಟು ನಡೆದದ್ದು, ಇಷ್ಟು ಓದಿದ್ದು, ಇಪ್ಪತ್ತೊಂಬತ್ತರಲ್ಲಿ ಬಂದು ಹೂತುಕೊಂಡಿತಲ್ಲ. ಹೊಳೆಯ ಮರಳೇ ನೆನಪಾಯಿತು. ಪುಢಾರಿ ಬಾಗಿಲಲ್ಲಿ ನಿಂತು ನಾನು ಹೇಳಿರಲಿಲ್ಲವೇ ಎನ್ನುವಂತೆ ನೋಡಿದ. ಒಂದು ಮಾತು ಹೇಳಿದರೆ ಸಾಕಿತ್ತು, ಇನ್ನೊಂದು ಬೇಲಿ ಇದೆ, ಅದರೊಳಗೆ ಇಷ್ಟು ಜನ ಎಂದು. ಆ ಮನೆಯ ಹೆಸರುಗಳೆಲ್ಲ ಅವಳಿಗೆ ಬಾಯಿಪಾಠ. ಆದರೆ ಆ ಹೆಸರುಗಳು ಅವಳದ್ದಲ್ಲ. ಅವಳು ಹಿಂದೆ ತಿರುಗಿ ನೋಡಲೂ ಇಲ್ಲ. ಬೇಡಿಕೊಂಡಂತೆ ಆದೀತೆಂದು.

"ಇಷ್ಟೇನಾ?" ಎಂದು ಅಧ್ಯಕ್ಷೆ ಕೇಳಿದಳು. ಅವಳ ದನಿಯಲ್ಲೂ ಬೇಸರವಿತ್ತು.

"ನನ್ನ ಪುಸ್ತಕದಲ್ಲಿರೋದು ಇಷ್ಟೇ."

ಅಧ್ಯಕ್ಷೆ ಮುಂದಿನ ಊರಿನ ಕಾಗದ ಎತ್ತಿಕೊಂಡಳು. ಆಗ ಹಿಂದೆ ಕೋಲು ನೆಲಕ್ಕೆ ಕುಟ್ಟಿದ ಸದ್ದಾಯಿತು.

ಲೆರುಸೊ ಅಜ್ಜ ಎದ್ದು ನಿಂತಿದ್ದ. ಮೈಮೇಲಿನ ಕೆಂಪು ಬಟ್ಟೆ ಸರಿಮಾಡಿಕೊಂಡ. ಬೆಂಚುಗಳ ನಡುವೆ ನಿಧಾನಕ್ಕೆ ಮುಂದೆ ಬಂದು ನಾಸಿಯೆಕುವಿನ ಪಕ್ಕದಲ್ಲಿ ನಿಂತ. ಅಧ್ಯಕ್ಷೆಯ ಕಡೆ ನೋಡಲಿಲ್ಲ.

"ಪುಸ್ತಕ ತೆಗಿ," ಎಂದ.

ದೊಡ್ಡ ಹೆಂಡತಿಯ ಬಾಗಿಲಿನಿಂದ ಶುರುಮಾಡಿದ. ಬಾಗಿಲು ಬಾಗಿಲಿಗೂ ನಿಂತು ಒಳಗೆ ಇಣುಕಿದವನಂತೆ ಹೆಸರು ಹೇಳಿದ. ಮಕ್ಕಳು, ಸೊಸೆಯಂದಿರು, ಅವರ ಮಕ್ಕಳು. ಅವಸರವಿಲ್ಲ, ತಡವರಿಕೆಯಿಲ್ಲ. ಸಂಜೆ ಬೇಲಿಯ ಬಾಯಲ್ಲಿ ನಿಂತ ನೊಮುಲೆನ್‌ಳ ಕಣ್ಣೇ ಅವನ ನಾಲಿಗೆಯಲ್ಲಿತ್ತು. ನಾಸಿಯೆಕು ಬರೆದಳು, ಮುಥೆಂಗಿ ಗೀಟು ಎಳೆದ. ನಾಲ್ಕನೆಯ ಬಾಗಿಲಿನಲ್ಲಿ ನೊಮುಲೆನ್, ಅವಳ ಮಗ, ಸೊಸೆ, ಸೊಸೆಯ ಮೊಲೆಗೂಸು. ಅಲ್ಲಿಗೆ ಮುಗಿಯಬೇಕಿತ್ತು. ಅಜ್ಜ ಉಸಿರು ಎಳೆದುಕೊಂಡ.

"ನರಮತ್," ಎಂದ.

ನ್ಕಾರೆ ಸಿಡಾಯ್‌ನ ಜನ ಕೂತಲ್ಲೇ ಬೆಚ್ಚಿದರು. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾಸಿಯೆಕುವಿನ ಪೆನ್ನು ನಿಂತಿತು. ಎದೆಯ ಮೇಲಿನ ಭಾರ ಹೆಸರು ಕೇಳಿ ಹೊರಳಿತು.

"ಅಜ್ಜ, ಅವಳು..."

"ಗೊತ್ತು ಕಣವ್ವ. ಬರಿ."

ಅವಳು ಬರೆದಳು.

"ಇವಳನ್ನ ಯಾರೂ ಎಣಿಸಿರ್ಲಿಲ್ಲ," ಎಂದ ಅಜ್ಜ. ಸಭೆಗೆ ಹೇಳಿದನೋ ತನಗೇ ಹೇಳಿಕೊಂಡನೋ. "ನಾನೇ ಎಣಿಸೋಕೆ ಬಿಟ್ಟಿರ್ಲಿಲ್ಲ. ಒಂದೆರಡು ಅಂದಿದ್ದೆ. ಎಣಿಸಿದ್ರೆ ಹೋಗ್ತವೆ ಅಂತ. ಎಣಿಸದೇನೂ ಹೋದ್ಲು." ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಈಗ ಹೊಡ್ದು ಹಾಕು. ಇಲ್ಲದವಳ ಪಾಲು ನಮಗೆ ಬೇಡ. ಆದ್ರೆ ಒಂದ್ಸಲ ಬರ್ದಿರ್ಲಿ."

ನಾಸಿಯೆಕು ಆ ಹೆಸರಿನ ಮೇಲೆ ಒಂದು ಗೆರೆ ಎಳೆದಳು. ಕೆಳಗಿನ ಅಕ್ಷರ ಓದಲು ಬರುವ ಹಾಗೆ ತೆಳ್ಳಗೆ ಎಳೆದಳು. ಮುಥೆಂಗಿ ಕೂಡಿಸಿದ, ಈ ಸಲ ಒಂದೇ ಸಲ.

"ಸಾವಿರದ ಇನ್ನೂರ ಏಳು."

ಬೋರ್‌ವೆಲ್ಲಿನವರೇ ಮೊದಲು ಕೈಯೆತ್ತಿದರು. ಅಧ್ಯಕ್ಷೆ ಒಪ್ಪಿಗೆ ಬರೆದಳು.

ನರ್ಸು ಬಂದದ್ದು ಐದು ತಿಂಗಳ ಮೇಲೆ. ನಡುವೆ ನಾಸಿಯೆಕು ಏಳು ಸಲ ಪಟ್ಟಣಕ್ಕೆ ಹೋಗಬೇಕಾಯಿತು, ಎರಡು ಸಲ ಜಗಳವಾಡಬೇಕಾಯಿತು. ಒಪ್ಪಿಗೆಯ ಕಾಗದ ತಾನಾಗಿ ನಡೆದು ಬರುವುದಿಲ್ಲ. ತುಕ್ಕು ಹಿಡಿದ ಬೀಗವನ್ನು ಕಲ್ಲಿನಿಂದ ಒಡೆದರು. ಆಡುಗಳನ್ನು ಎಬ್ಬಿಸಿ ನೆಲ ತೊಳೆದರು.

ಮೊದಲ ದಿನ ಸಾಲಿನ ಮುಂದೆ ಲೆರುಸೊ ಅಜ್ಜ ನಿಂತಿದ್ದ, ಹಿಂದೆ ನೊಮುಲೆನ್, ಅವಳ ಹಿಂದೆ ಮಕ್ಕಳು. ನರ್ಸು ಕಡಲತೀರದ ಕಡೆಯ ಹುಡುಗಿ. ಸೂಜಿ ಡಬ್ಬಿ ತೆರೆದು, ಹೊಸ ಪುಸ್ತಕ ಬಿಡಿಸಿ, ನಗುತ್ತಾ ಕೇಳಿದಳು.

"ಮೊಮ್ಮಕ್ಕಳು ಎಷ್ಟು ಜನ, ಅಜ್ಜ?"

ಪಕ್ಕದಲ್ಲಿ ನಿಂತಿದ್ದ ನಾಸಿಯೆಕು ಬಾಯಿ ಹಾಕಲು ಹೊರಟಳು. ಅಜ್ಜ ಕೈಯೆತ್ತಿ ತಡೆದ. ಮುಕ್ಕಾಲಿಯನ್ನು ಮೇಜಿನ ಹತ್ತಿರ ಎಳೆದು ಕೂತ.

"ಹಂಗೆಲ್ಲ ಕೇಳ್ಬಾರ್ದು ಕಣಮ್ಮ," ಎಂದ. "ಪೆನ್ನು ತಗೋ. ಒಬ್ಬೊಬ್ರದ್ದೇ ಹೆಸರು ಹೇಳ್ತೀನಿ, ಒಂದೂ ಬಿಡ್ಬೇಡ."